ಹಸಿರು ಕಿಂಡಿ

ನಂದೂರಿನ ದಾಲ್ ಮಿಲ್ಲಿನ ಹಿಂದ
ಒಂದು ಕಬ್ಬಿಣದ ಗಿಡ ಅದ.
ನೆಲದಾಗ ಎಂಟಡಿ ಬೇರು, ಮ್ಯಾಗ ಗೇಣುದ್ದ ತಲಿ,
ಎಲಿ ಇಲ್ಲ, ಮೊಗ್ಗಿಲ್ಲ.
ಲಾಲಬೀ ದಿನಾ ಮುಂಜಾನಿ ಎರಡು ಕೊಡ ನೀರು ಹಾಕ್ತಾಳ.
ಮೊದಮೊದಲು ಹಮಾಲರು ನಗ್ತಿದ್ರು:
"ಏ ಚಾಚಿ, ಕಾಯಿ ಯಾವಾಗ ಬಿಡ್ತದ?"

ಹಾಕು ಅಂದಾಂವ ನಾನೇ.
ಈ ಎರಿಮಣ್ಣು ಬ್ಯಾಸಗ್ಯಾಗ ನಂಬಿಕಿಗಿ ಬರಂಗಿಲ್ಲ.
ಮಾರ್ಚ್ ಬಂತಂದ್ರ ಬಿರಿತದ, ಕೈ ಹೋಗುವಷ್ಟು.
ಸಳಿ ಬಿಟ್ಟು ದೂರ ಸರಿತದ
ಮುನಿಸಿಕೊಂಡು ಗ್ವಾಡಿ ಕಡಿ ಮಲಗಿದವರಂಗ.
ಆವಾಗ ಸಿಡ್ಲು ಬಂದ್ರ
ಇಳಿಯಾಕ ಮೆಟ್ಟಲೇ ಇಲ್ಲ.
ಸುತ್ತ ಇದ್ದಿಲು ತುಂಬೀನಿ, ಉಪ್ಪು ತುಂಬೀನಿ.
ಸಾಲಂಗಿಲ್ಲ. ನೀರು ಬೇಕು.

"ಸಿಡ್ಲು ಬಾಗಲಾ ಬಡದು ಬರಂಗಿಲ್ಲೋ,"
ಅಂತಿದ್ರು ಖುದ್ದೂಸ್ ಮಾಸ್ತರ, ಸೋಲ್ಡರಿನ ಹೊಗಿ ಊದಿಕೋತ.
"ಫರ್ಲಾಂಗ್ ದೂರದ ಬೇವಿಗಿ ಬೀಳ್ತದ.
ಇಲ್ಲಿ ಯಾವುದನ್ನೂ ಮುಟ್ಟಂಗಿಲ್ಲ.
ಅಷ್ಟಕ್ಕೇ ತಂತಿಗಿ ಮೈ ಜುಮ್ಮಂತದ.
ಆ ಜುಮ್ಮನ್ನೂದೇ ಬೋರ್ಡ್ ಸುಡ್ತದ.
ಮೋಟಾರು ಒರಟ, ತಡಕೋತದ.
ಚಿಪ್ ಅಂದ್ರ ಬಾಣಂತಿ ಇದ್ದಂಗ, ಗಾಳಿ ತಾಗಬಾರದು."

ಅಣವೀರಪ್ಪ ಸಾವ್ಕಾರ್ರ ಮಿಲ್ಲಿನಾಗ
ಅಂಥಾ ಬಾಣಂತಿ ಒಂದದ:
ಬ್ಯಾಳಿ ಆರಿಸೂ ಯಂತ್ರ. ಕ್ಯಾಮೆರಾ ಕಣ್ಣು.
ಜಾರಿ ಬೀಳೂ ತೊಗರಿ ಬ್ಯಾಳ್ಯಾಗ
ಒಂದು ಕರೇ ಕಾಳು ಕಂಡ್ರ ಸಾಕು
ಫಕ್ ಅಂತ ಗಾಳಿ ಊದಿ ಅತ್ಲಾಗ ಒಗಿತದ.
ಹ್ವಾದ ವರ್ಷ ರೋಹಿಣಿ ಮಳ್ಯಾಗ ಅದು ಕುರುಡಾತು.
ಬೋರ್ಡಿಗಿ ನಾಕು ಲಕ್ಷ. ಹದಿನೇಳು ದಿನ ತಡ.
ಆ ಹದಿನೇಳು ದಿನ
ಇಪ್ಪತ್ತು ಮಂದಿ ಹೆಣ್ಮಕ್ಕಳು ಮೊರ ಹಿಡಕೊಂಡು ಬಂದ್ರು,
ಯಂತ್ರ ಬಂದ ದಿನ ಮನಿಗಿ ಹ್ವಾದವರೇ.
ಅವರೊಳಗ ಲಾಲಬೀನೂ ಇದ್ದಳು.

ಆಮ್ಯಾಲ ನಾನು ಮೂರು ಡಬ್ಬಿ ಕೂಡಿಸಿದೆ:
ದೊಡ್ಡ ಪ್ಯಾನೆಲಿಗೊಂದು, ಯಂತ್ರದ ಬಲ್ಲಿ ಒಂದು,
ಸಿಗ್ನಲ್ ತಂತಿಗಿ ಸಣ್ಣದೊಂದು.
ಪ್ರತಿಯೊಂದಕ್ಕೂ ಉಗುರಷ್ಟು ಹಸಿರು ಕಿಂಡಿ.
ಚೆಂದ ಕಾಣ್ಲಿ ಅಂತ ತಂತಿ ಸುತ್ತಿ ಕಟ್ಟಲಿಲ್ಲ.
ಗೇಣು ಹೆಚ್ಚಾದ್ರೂ ಕಾವಲುಗಾರ ತಡಮಾಡಿ ಎದ್ದಂಗ.
"ಇದು ದಿನಾ ಏನ್ ಮಾಡ್ತದೋ?" ಸಾವ್ಕಾರ್ರು ಕೇಳಿದ್ರು.
"ಏನೂ ಮಾಡಂಗಿಲ್ರಿ."
"ಮತ್ತ ಒಂಬತ್ತು ಸಾವಿರ?"
ನಾನು ಬಿಲ್ ಮಡಚಿ ಮೇಜಿನ ಮ್ಯಾಗ ಇಟ್ಟೆ.

ಲಾಲಬೀ ಒಂದಿನ ಕೇಳಿದಳು, ಕೊಡ ಟೊಂಕದಾಗ ಇಟಗೊಂಡು:
"ನಾ ನೀರು ಹಾಕಲಿಲ್ಲಂದ್ರ
ಅದು ಮತ್ತ ಕುರುಡಾಗ್ತದಲ್ಲ?"
"ಆಗಬಹುದು ಚಾಚಿ."
ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.
ಆಕಿ ಬಿರುಕಿನ ಕಡಿ ನೋಡಿದಳು, ಬಾಳ ಹೊತ್ತು.
ಆಮ್ಯಾಲ ಕೊಡ ಬಗ್ಗಿಸಿದಳು.
ಎರಿಮಣ್ಣು ಗುಟುಗುಟು ಕುಡೀತು.

ಮೊನ್ನಿ ಮಿರಗದ ರಾತ್ರಿ
ಬೇವು ನಡಕ ಸೀಳಿತು.
ಮುಂಜಾನಿ ಸೈಕಲ್ ಒಗದು ಒಳಗ ಓಡಿದೆ.
ಒಂದನೇ ಡಬ್ಬಿ ಕಿಂಡಿ ಕೆಂಪಾಗಿತ್ತು.
ತೆಗದ್ರ ಒಳಗ ಬೂದಿ, ಸುಟ್ಟ ಉಳ್ಳಾಗಡ್ಡಿಯಂಥ ವಾಸನಿ.
ಆಕಡಿ ಯಂತ್ರ ಮಾತ್ರ ಏನೂ ಅರಿಯದಂಗ
ಫಕ್, ಫಕ್.
"ಒಂದೇ ವರ್ಷಕ್ಕ ಹಾಳಾತಲ್ಲೋ, ಗ್ಯಾರಂಟಿ ಇಲ್ಲೇನು?"
ಸಾವ್ಕಾರ್ರು ಬೈದ್ರು. ಹೊಸಾದು ಕೂಡಿಸಿದೆ.

ಹಿಂದ ಕಬ್ಬಿಣದ ಗಿಡದ ಸುತ್ತ ಮಳಿನೀರು ನಿಂತಿತ್ತು.
ಲಾಲಬೀ ಕೊಡ ತಗೊಂಡೇ ಬಂದಳು.
ಸುಟ್ಟ ಡಬ್ಬಿ ಕೊಟ್ಟೆ.
ಹೆಬ್ಬೆರಳು ತೋರುಬೆರಳಿನ ನಡುವ ಹಿಡದು
ಬೆಳಕಿಗಿ ತಿರುವಿ ತಿರುವಿ ನೋಡಿದಳು,
ಬ್ಯಾಳಿ ನೋಡೂ ಹಂಗ.
"ಕರೇ ಕಾಳು," ಅಂದಳು.
ತುಟಿ ಮುಂದ ಮಾಡಿ "ಫಕ್" ಅಂತ ಊದಿ
ಅತ್ಲಾಗ ಒಗದಳು.

"ಇವತ್ತು ನೀರು ಬ್ಯಾಡ ಚಾಚಿ, ಮಳಿ ಹಾಕ್ಯಾದ."
"ಮಳೀದು ಮಳೀಗಿ.
ನನಗ ಎರಡು ಕೊಡಕ್ಕ ಪಗಾರ ಅದ," ಅಂದು
ನಿಂತ ನೀರಿನ ಮ್ಯಾಗೇ ಸುರುವಿದಳು.